ಅಳದ ಮಗನ ಬಗ್ಗೆ, ಗೆಳೆಯನಿಗೊಂದು ಪತ್ರ

ಕಾರವಾರ,
ಆಷಾಢದ ಒಂದು ಸಂಜೆ

ಗೆಳೆಯಾ,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. "ತಾಯಿ ಹೋಗಿ ಐದು ತಿಂಗಳಾದರೂ ನಮ್ಮ ಮಾಣಿ ಒಂದು ಹನಿ ಕಣ್ಣೀರು ಹಾಕಲಿಲ್ಲ, ಹದಿಮೂರನೆಯ ದಿನದ ಊಟ ಮುಗಿದ ಮರುದಿನವೇ ಬ್ಯಾಟು ಹಿಡಿದು ಹೊರಟ, ಇವನಿಗೆ ಕರುಳೇ ಇಲ್ಲವೇ" ಎಂದು ನೀನು ಬರೆದ ಸಾಲಿಗೆ ಉತ್ತರ ಬರೆಯಲು ಕುಳಿತು ಎರಡು ಸಲ ಹಾಳೆ ಹರಿದೆ. ಮೂರು ವರ್ಷದ ಹಿಂದೆ ಇದೇ ಮಾತನ್ನು, ಹೆಚ್ಚು ಕಡಿಮೆ ಇದೇ ಶಬ್ದಗಳಲ್ಲಿ, ನನ್ನ ಮಗಳ ಬಗ್ಗೆ ನಾನು ನನ್ನ ಅಕ್ಕನ ಹತ್ತಿರ ಆಡಿದ್ದೆ. ಆಡಿದ್ದು ಅಡುಗೆಮನೆಯಲ್ಲಿ, ಮಗಳು ಪಕ್ಕದ ಕೋಣೆಯಲ್ಲೇ ಇದ್ದಳು.

ನನ್ನ ಹೆಂಡತಿ ತೀರಿಕೊಂಡ ಮೇಲೆ ನಾನು ಮನೆಯನ್ನು ಬಹಳ ಚೊಕ್ಕಟವಾಗಿ ನಡೆಸಿದೆ. ಬೆಳಿಗ್ಗೆ ಐದಕ್ಕೆ ಎದ್ದು ಮಗಳಿಗೆ ಡಬ್ಬಿ ಕಟ್ಟುತ್ತಿದ್ದೆ, ಫೀ ಕಟ್ಟುವ ದಿನ ತಪ್ಪಿಸಲಿಲ್ಲ, ಅವಳ ಎದುರಿಗೆ ಒಮ್ಮೆಯೂ ಅಳಲಿಲ್ಲ. ಅತ್ತದ್ದೆಲ್ಲ ಬಚ್ಚಲುಮನೆಯಲ್ಲಿ, ನೀರು ಬಿಟ್ಟುಕೊಂಡು. ಹೆಂಡತಿಯ ಹೆಸರು ಬಾಯಿಗೆ ಬಂದರೆ ಗಂಟಲು ಕಟ್ಟುತ್ತಿದ್ದುದರಿಂದ ಹೆಸರು ಹೇಳುವುದನ್ನೇ ಬಿಟ್ಟೆ, ಮತ್ತು ಇದನ್ನು ಗಟ್ಟಿತನ ಎಂದು ತಿಳಿದೆ. ಎಂಟು ತಿಂಗಳಾದ ಮೇಲೆ ಒಂದು ದಿನ ಮನೆಯ ಕಾಗದಪತ್ರ ಹುಡುಕುತ್ತ ಬೀರುವಿನಲ್ಲಿ ಅವಳ ಸೀರೆಗಳ ಕೆಳಗೆ ಕೈ ಹಾಕಿದಾಗ ಅವಳ ಫೋನು ತಾಗಿತು. ಅದು ಬಿಸಿಯಾಗಿತ್ತು. ಸತ್ತವಳ ಫೋನು ಬಿಸಿಯಾಗಿದ್ದರೆ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂಬುದನ್ನು ನಿನಗೆ ವಿವರಿಸಬೇಕಾಗಿಲ್ಲ.

ಮಗಳು ಅದನ್ನು ಪ್ರತಿದಿನ ಚಾರ್ಜು ಮಾಡುತ್ತಿದ್ದಳು. ರೀಚಾರ್ಜ್ ಮಾಡಿಸದಿದ್ದರೆ ನಂಬರು ಬಂದ್ ಆಗಿ ಬೇರೆ ಯಾರಿಗೋ ಹೋಗುತ್ತದೆ ಎಂದು ಯಾರೋ ಹೇಳಿದ್ದರಂತೆ; ನಾನು ಕೊಡುತ್ತಿದ್ದ ತಿಂಡಿಯ ದುಡ್ಡಿನಲ್ಲಿ ಉಳಿಸಿ ರೀಚಾರ್ಜ್ ಮಾಡಿಸುತ್ತಿದ್ದಳು. ಅದರಲ್ಲಿ ಅವಳು ಕೇಳುತ್ತಿದ್ದುದು ಆಯಿಯ, ಎಂದರೆ ಅಮ್ಮನ, ಹನ್ನೊಂದು ಸೆಕೆಂಡಿನ ಒಂದು ಧ್ವನಿ ಸಂದೇಶ. "ಕೂಸೇ, ನಾ ಬಪ್ಪದು ತಡ ಆಗ್ತು, ಹಾಲು ಕಾಸಿಡು, ಬೆಕ್ಕಿಗೆ ಹಾಕಡ." ಬರುವುದು ತಡವಾಗುತ್ತದೆ, ಹಾಲು ಕಾಸಿಡು, ಬೆಕ್ಕಿಗೆ ಹಾಕಬೇಡ, ಅಷ್ಟೇ. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಅವಳು, "ಅಪ್ಪಯ್ಯ, ನೀನು ಆಯಿ ಹೆಸರು ಹೇಳದೇ ಬಿಟ್ಟೆ, ನಾ ಹೇಳಿದ್ರೆ ನಿಂಗೆ ತ್ರಾಸ ಆಗ್ತು ಹೇಳಿ ಸುಮ್ನಿದ್ದಿ" ಎಂದಳು. ಒಂದೇ ಸೂರಿನ ಕೆಳಗೆ ನಾನು ಅವಳನ್ನು ನೋವಾಗದಂತೆ ಕಾಯುತ್ತಿದ್ದೇನೆಂದು ನಾನು, ನನ್ನನ್ನು ಕಾಯುತ್ತಿದ್ದೇನೆಂದು ಅವಳು, ಇಬ್ಬರೂ ಬಾಯಿ ಕಟ್ಟಿಕೊಂಡು ಎಂಟು ತಿಂಗಳು ಕಳೆದಿದ್ದೆವು. ನಿನ್ನ ಮಾಣಿಯೂ ನಿನ್ನನ್ನು ಕಾಯುತ್ತಿರಬಹುದು ಎಂಬ ಅನುಮಾನವೇ ಈ ಪತ್ರ ಬರೆಯಲು ಕಾರಣ.

ಕ್ರಿಕೆಟ್ಟಿನ ವಿಷಯಕ್ಕೆ ಬರುತ್ತೇನೆ. ದುಃಖಕ್ಕೆ ಐದು ಮೆಟ್ಟಿಲುಗಳಿವೆ, ಒಂದನ್ನು ಹತ್ತಿದ ಮೇಲೆ ಇನ್ನೊಂದು ಎಂದು ವಾಟ್ಸಾಪಿನಲ್ಲಿ ನಿನಗೂ ಯಾರಾದರೂ ಕಳಿಸಿರಬೇಕು. ನನಗೆ ನಾಲ್ವರು ಕಳಿಸಿದ್ದರು. 1969ರಲ್ಲಿ ಎಲಿಜಬೆತ್ ಕೂಬ್ಲರ್-ರಾಸ್ ಎಂಬ ಮನೋವೈದ್ಯೆ ಆ ಐದು ಹಂತಗಳನ್ನು ಹೇಳಿದ್ದು ಮೊದಲಿಗೆ ಸಾವನ್ನು ಎದುರು ನೋಡುತ್ತಿದ್ದ ರೋಗಿಗಳ ಬಗ್ಗೆ, ಹಿಂದೆ ಉಳಿದವರ ಬಗ್ಗೆ ಅಲ್ಲ. ನನಗೆ ಹೆಚ್ಚು ಸರಿಯೆನಿಸಿದ್ದು ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ ಎಂಬ ಇಬ್ಬರು ಸಂಶೋಧಕರು 1999ರಲ್ಲಿ ವಿವರಿಸಿದ ಬಗೆ: ಅಗಲಿಕೆಯಾದವರು ಕೆಲವು ಹೊತ್ತು ಕಳೆದುಕೊಂಡದ್ದರಲ್ಲಿ ಮುಳುಗಿರುತ್ತಾರೆ, ಕೆಲವು ಹೊತ್ತು ಅದರಿಂದ ಎದ್ದು ಮುಂದಿನ ಬದುಕಿನ ಕೆಲಸಗಳಿಗೆ ಕೈ ಹಾಕುತ್ತಾರೆ, ಮತ್ತೆ ಹಿಂದಿರುಗುತ್ತಾರೆ; ಈ ಹೋಗಿಬರುವಿಕೆಯೇ ಸಹಜ. ದೊಡ್ಡವರಲ್ಲಿ ಈ ಹೋಗಿಬರುವಿಕೆ ನಿಧಾನವಾಗಿದ್ದರೆ ಮಕ್ಕಳಲ್ಲಿ ಅದು ಗಳಿಗೆಗಳಿಗೆಗೆ ಆಗುತ್ತದೆ. ಗದ್ದೆಬಯಲಿನಲ್ಲಿ ಸಿಕ್ಸರ್ ಹೊಡೆದು ಕೂಗುವ ಹುಡುಗನೇ ರಾತ್ರಿ ಎರಡು ಗಂಟೆಗೆ ಗೋಡೆ ನೋಡುತ್ತ ಮಲಗಿರಬಹುದು. ಆಟ ಅವನಿಗೆ ಮರೆವಲ್ಲ, ಉಸಿರು ತೆಗೆದುಕೊಳ್ಳುವ ಜಾಗ. ದಯವಿಟ್ಟು ಅದನ್ನು ಕಸಿಯಬೇಡ.

ಆದರೆ ನೀನು ಪತ್ರದ ಕೊನೆಯಲ್ಲಿ ಅವಸರದಲ್ಲಿ ಬರೆದ ಎರಡು ಸಾಲು ನನಗೆ ಕ್ರಿಕೆಟ್ಟಿಗಿಂತ ಹೆಚ್ಚು ಚಿಂತೆ ತಂದವು. ಕಾಲೇಜಿಗೆ ಸೇರಿದ ಮೇಲೆ ಸಣ್ಣ ಮಾತಿಗೂ ಸಿಡುಕುತ್ತಾನೆ, ತಟ್ಟೆ ಬಿಟ್ಟು ಏಳುತ್ತಾನೆ, ರಾತ್ರಿ ನಿದ್ದೆಯಿಲ್ಲ ಎಂದಿದ್ದೀಯೆ. ಹದಿಹರೆಯದವರ ಖಿನ್ನತೆ ಯಾವಾಗಲೂ ಅಳುಮುಖ ಹೊತ್ತು ಬರುವುದಿಲ್ಲ. ಅನೇಕ ವೇಳೆ ಅದು ಸಿಡುಕಿನ ವೇಷದಲ್ಲೇ ಬರುತ್ತದೆ, ಮನೆಯವರು ಅದನ್ನು ಸೊಕ್ಕು ಎನ್ನುತ್ತಾರೆ. ಈ ವಯಸ್ಸಿನಲ್ಲಿ ನಿದ್ದೆ ತಡವಾಗಿ ಬರುವುದು ದೇಹದ ಸ್ವಭಾವ, ಅದಕ್ಕೆ ಗಾಬರಿ ಬೇಡ. ಆದರೆ ಸಿಡುಕು, ಊಟ ಸೇರದಿರುವುದು, ನಿದ್ದೆಗೇಡು, ಇಷ್ಟದ ಕೆಲಸದಲ್ಲೂ ಮನಸ್ಸಿಲ್ಲದಿರುವುದು, ತಾನು ಯಾವುದಕ್ಕೂ ಬಾರದವನು ಎಂಬ ಮಾತು, ಇವುಗಳಲ್ಲಿ ಹಲವು ಎರಡು ವಾರ ಬಿಡದೆ ಹಿಡಿದರೆ ವೈದ್ಯರನ್ನು ಕಾಣಬೇಕು. ಅವನು ಇನ್ನೂ ಆಡುತ್ತಿದ್ದಾನೆ ಎಂಬುದು ಒಳ್ಳೆಯ ಸೂಚನೆ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಇನ್ನೊಂದು ಮಾತನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯುತ್ತೇನೆ. ಬದುಕುವುದೇ ಬೇಡ ಎಂದು ಅನಿಸುತ್ತದೆಯೇ ಎಂದು ಅವನನ್ನು ನೇರವಾಗಿ ಕೇಳು. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂದು ನಾನೂ ಹೆದರಿದ್ದೆ. ಹಾಗಾಗುವುದಿಲ್ಲ, ಕೇಳಿದವರಿದ್ದಾರೆ ಎಂಬುದೇ ಮಕ್ಕಳಿಗೆ ಆಸರೆ ಎಂದು ಆಪ್ತಸಮಾಲೋಚಕಿ ತಿಳಿಸಿ ಹೇಳಿದ ಮೇಲೆ ಕೇಳಿದೆ. ಮಗಳು ತುಸು ಹೊತ್ತು ಸುಮ್ಮನಿದ್ದು, ಸಾಯಬೇಕು ಎಂದಲ್ಲ, ಆಯಿಯ ಹತ್ತಿರ ಹೋಗಬೇಕು ಎಂದು ಅನಿಸುತ್ತದೆ ಎಂದಳು. ಹೋದವರ ಹತ್ತಿರ ಇರಬೇಕೆಂಬ ಹಂಬಲ ಅಗಲಿಕೆಯಲ್ಲಿ ಅಪರೂಪವಲ್ಲವಂತೆ. ಆದರೆ ಹಂಬಲ ಎಲ್ಲಿ ಮುಗಿದು ಅಪಾಯ ಎಲ್ಲಿ ಶುರುವಾಗುತ್ತದೆ ಎಂದು ಅಳೆಯುವುದು ನಿನ್ನ ಕೆಲಸವೂ ಅಲ್ಲ, ನನ್ನದೂ ಅಲ್ಲ. ಅಂಥ ಉತ್ತರ ಬಂದರೆ ಅವನನ್ನು ಒಬ್ಬನೇ ಬಿಡಬೇಡ, ಅಂದೇ ವೈದ್ಯರಿಗೆ ತೋರಿಸು. ನೀನು ತೋಟದವನಾದ್ದರಿಂದ ಇದನ್ನೂ ಹೇಳುತ್ತೇನೆ: ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲವಿದು, ಔಷಧಿಯಿಟ್ಟ ಕೋಣೆಗೆ ಬೀಗ ಹಾಕಿ ಕೀಲಿಯನ್ನು ನಿನ್ನ ಸೊಂಟದಲ್ಲಿ ಇಟ್ಟುಕೋ. ಅವನು ಏನು ಉತ್ತರ ಕೊಟ್ಟರೂ ಇದನ್ನು ಮಾಡು.

ನಾವು ಮೊದಲು ಹೋದ ವೈದ್ಯರೊಬ್ಬರು ಪರೀಕ್ಷೆಯ ಟೆನ್ಶನ್ ಎಂದು ಟಾನಿಕ್ಕು ಬರೆದು ಕಳಿಸಿದರು. ಆರು ವಾರ ಹಾಗೇ ಹೋಯಿತು. ನೀನು ಆ ಆರು ವಾರ ಕಳೆಯಬೇಡ. ಟೆಲಿ-ಮಾನಸ್ ಎಂಬ, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿಯ ಸಂಖ್ಯೆ 14416. 2022ರ ಅಕ್ಟೋಬರಿನಿಂದ ಇದೆ, ಹಗಲುರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೀಳುವುದಿಲ್ಲ. ಅವನಿಗಿಂತ ಮೊದಲು ನೀನೇ ಫೋನು ಮಾಡಿ ನೋಡು. ಮುಂದೆ ಬೇಕಾದರೆ ಇಲ್ಲಿ ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ, ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ. ನಾವು ಹುಡುಗರಾಗಿದ್ದಾಗ 'ಧಾರವಾಡಕ್ಕೆ ಕಳಿಸಬೇಕು' ಎಂದರೆ ಅರ್ಥ ಒಂದೇ ಇತ್ತು, ಅದನ್ನು ಹೇಳಿ ನಾವಿಬ್ಬರೂ ಎಷ್ಟು ನಕ್ಕಿದ್ದೆವು. ಆ ನಗುವಿನ ಸಾಲವನ್ನು ನಾನು ಮಗಳ ಜೊತೆ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ತೀರಿಸಿದೆ. ಎದುರಿಗೆ ನಮ್ಮ ಆಫೀಸಿನವರೇ ಒಬ್ಬರು ತಮ್ಮ ಮಗನ ಜೊತೆ ಕುಳಿತಿದ್ದರು, ಇಬ್ಬರೂ ಮಳೆಯ ಬಗ್ಗೆ ಮಾತಾಡಿದೆವು.

ಮನೆಗೆ ಬಂದ ನೆಂಟರು ಮಾಣಿಯ ಹೆಗಲ ಮೇಲೆ ಕೈಯಿಟ್ಟು "ಇನ್ನು ಅಪ್ಪಯ್ಯನ್ನ ನೀನೇ ನೋಡಿಕೊಳ್ಳವು" ಎಂದು ಹೇಳಿಯೇ ಇರುತ್ತಾರೆ. ಒಳ್ಳೆಯ ಮನಸ್ಸಿನ ಮಾತೇ, ಆದರೆ ಹದಿನಾರು ವರ್ಷದ ಹೆಗಲಿಗೆ ಅದು ದೊಡ್ಡ ಹೊರೆ. ಆ ಹೊರೆಯನ್ನು ನೀನೇ ಇಳಿಸಬೇಕು, ಬಾಯಿಬಿಟ್ಟು ಹೇಳಿ ಇಳಿಸಬೇಕು. ಹಾಗೆಯೇ ಅಂಕ ಕಡಿಮೆಯಾದಾಗ "ಆಯಿ ಇದ್ದಿದ್ದರೆ ಎಷ್ಟು ನೊಂದುಕೊಳ್ಳುತ್ತಿದ್ದಳು" ಎಂಬ ಮಾತು ನಿನ್ನ ಬಾಯಿಂದ ಬಾರದಿರಲಿ. ನಾನು ಒಮ್ಮೆ ಆಡಿದ್ದೇನೆ, ಆಗ ಮಗಳ ಮುಖ ಹೇಗಾಯಿತೆಂದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅವನ ಎದುರಿಗೆ ನಿನಗೆ ಅಳು ಬಂದರೆ ಅಳು. ಆಮೇಲೆ ಮುಖ ತೊಳೆದು ದೋಸೆ ಹೊಯ್ಯಿ. ಅತ್ತ ಮೇಲೂ ಅಪ್ಪ ದೋಸೆ ಹೊಯ್ಯುತ್ತಾನೆ ಎಂದು ಅವನು ನೋಡಬೇಕು. ಅವನನ್ನು ಎದುರಿಗೆ ಕೂರಿಸಿಕೊಂಡು ವಿಚಾರಣೆ ಮಾಡಬೇಡ. ಈ ವಯಸ್ಸಿನವರು ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವುದಿಲ್ಲ. ಅಡಿಕೆ ಸುಲಿಯುವಾಗ, ಬೈಕಿನಲ್ಲಿ ಹಿಂದೆ ಕೂತಾಗ ಮಾತು ತಾನೇ ಬರುತ್ತದೆ, ಬರದಿದ್ದರೂ ನಡೆಯುತ್ತದೆ.

ನಿನ್ನ ಹೊರತಾಗಿ ಅವನಿಗೆ ಇನ್ನೊಬ್ಬ ದೊಡ್ಡವರು ಬೇಕು. ನಮ್ಮೂರಿನ ಕಡಲತೀರಕ್ಕೆ ಯಾರ ಹೆಸರಿದೆಯೋ ಆ ರವೀಂದ್ರನಾಥ ಠಾಗೋರರು 1883ರಲ್ಲಿ ಇಲ್ಲಿಗೆ ಬಂದದ್ದು ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಜೊತೆ ಇರಲೆಂದು. ಅದಕ್ಕೆ ಎಂಟು ವರ್ಷ ಮೊದಲು, 1875ರಲ್ಲಿ, ಅವರ ತಾಯಿ ತೀರಿಕೊಂಡಾಗ ಅವರಿಗೆ 13 ವರ್ಷ. ತಾಯಿಯಿಲ್ಲದ ಹುಡುಗನನ್ನು ಹತ್ತಿರ ಕರೆದುಕೊಂಡದ್ದು ಇನ್ನೊಬ್ಬ ಅಣ್ಣನ ಹೆಂಡತಿ ಕಾದಂಬರಿ ದೇವಿ. ಸಂಜೆ ಆ ದಂಡೆಯಲ್ಲಿ ಕುಳಿತಾಗಲೆಲ್ಲ ಆ ಅತ್ತಿಗೆಯ ನೆನಪಾಗುತ್ತದೆ. ನನ್ನ ಮಗಳಿಗೆ ಸಿಕ್ಕಿದ್ದು ಅವಳ ಗಣಿತದ ಟೀಚರು. ಮಾಣಿಗೆ ಯಾರು ಎಂದು ನೀನು ಆರಿಸಬೇಡ, ಅವನು ಯಾರ ಹತ್ತಿರ ಹೋಗಿ ಕೂರುತ್ತಾನೆ ಎಂದು ನೋಡು.

ನಿನ್ನ ಬಗ್ಗೆ ನೀನು ಏನೂ ಬರೆಯಲಿಲ್ಲ. ದೊಡ್ಡವರಲ್ಲಿ ಒಂದು ವರ್ಷ, ಮಕ್ಕಳಲ್ಲಿ ಆರು ತಿಂಗಳು ಕಳೆದ ಮೇಲೂ ಶೋಕ ಮೊದಲ ದಿನದಷ್ಟೇ ತೀವ್ರವಾಗಿದ್ದು ದಿನದ ಬದುಕು ನಡೆಯದಂತಾದರೆ ಅದಕ್ಕೂ ಚಿಕಿತ್ಸೆ ಬೇಕು ಎಂದು ಮನೋವೈದ್ಯರು ಈಗ ಒಪ್ಪಿದ್ದಾರೆ. 2022ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಅದು ಸೇರಿತು. ತಿಂಗಳು ತಿಂಗಳು ಮಾಸಿಕ, ಕೊನೆಗೆ ವರ್ಷಾಂತಿಕ ಎಂದು ನಮ್ಮ ಹಿರಿಯರು ಒಂದು ವರ್ಷ ಹೆಸರು ಹೇಳಿ ಎಡೆಯಿಡುವ ಕ್ರಮ ಮಾಡಿದ್ದರಲ್ಲ, ಅದರಲ್ಲಿ ನನಗೆ ಪಿತೃಲೋಕಕ್ಕಿಂತ ಈ ಲೋಕದ ವಿವೇಕವೇ ಹೆಚ್ಚು ಕಾಣುತ್ತದೆ. ಆ ದಿನಗಳಲ್ಲಾದರೂ ಅವಳ ಮಾತು ಮನೆಯಲ್ಲಿ ಆಗಲಿ, ಮಂತ್ರ ಮುಗಿದ ಮೇಲೆ.

ಇಲ್ಲಿ ಮೀನುಗಾರಿಕೆ ನಿಂತಿದೆ, ಬೈತಖೋಲ್ ಬಂದರಿನಲ್ಲಿ ದೋಣಿಗಳು ಸಾಲಾಗಿ ಮಳೆಯಲ್ಲಿ ನೆನೆಯುತ್ತಿವೆ. ಈ ವರ್ಷ ನಿಮಗೆ ಚೌತಿ ಹಬ್ಬವಿಲ್ಲ. ಪಕ್ಕದ ಮನೆಗಳಲ್ಲಿ ಎಲ್ಲರೂ ಸೇರಿ ಚಕ್ಕುಲಿ ಸುತ್ತುವ ಚಕ್ಕುಲಿ ಕಂಬಳ ನಡೆಯುವಾಗ ನೀವಿಬ್ಬರೇ ಜಗಲಿಯಲ್ಲಿ ಕೂರುವುದು ಬೇಡ, ನಾನೂ ಮಗಳೂ ಎರಡು ದಿನ ಮೊದಲೇ ಬರುತ್ತೇವೆ, ದೇವಿಮನೆ ಘಟ್ಟದ ರಸ್ತೆ ಸರಿಯಿದ್ದರೆ ಕುಮಟೆಯ ಮೇಲೆ, ಇಲ್ಲದಿದ್ದರೆ ಯಲ್ಲಾಪುರದ ಮೇಲೆ.

ಈ ಪತ್ರವನ್ನು ನಾಲ್ಕು ಜನ ಓದುವಲ್ಲಿ ಹಾಕಬಹುದೇ ಎಂದು ನಿನ್ನನ್ನು ಕೇಳಿದಂತೆ, ಫೋನಿನ ವಿಷಯ ಬರೆಯಬಹುದೇ ಎಂದು ಮಗಳನ್ನೂ ಕೇಳಿದೆ. ಬರೆ ಎಂದಳು. ಆದರೆ ಅವತ್ತು ತಾನು ಹಾಲನ್ನು ಬೆಕ್ಕಿಗೆ ಹಾಕಿದ್ದೆ ಎಂಬುದನ್ನೂ ಬರೆಯಬೇಕಂತೆ. ಆಯಿಗೆ ಕೊನೆಯವರೆಗೂ ಗೊತ್ತಾಗಲಿಲ್ಲವಂತೆ.

ನಿನ್ನ ಗೆಳೆಯ