ನಂಬರ್ ನೋಡಿ ಶೂ ತಗೋಬೇಡ ಮಗಳೇ

ಗದಗ

ಪ್ರೀತಿಯ ಮಗಳೇ,

ನೀನು ಕಳಿಸಿದ ಗುಲಾಬಿ ಶೂ ಫೋಟೊ ನೋಡಿದೆ. ಚಂದ ಇದೆ, ಅರ್ಧ ಬೆಲೆಗೆ ಬಂದಿದೆ, ಇವತ್ತೇ ಕೊನೇ ದಿನ, ಎಲ್ಲಾ ಸರಿ. ಆದರೂ ಆರ್ಡರ್ ಮಾಡಬೇಡ. ಬೆಳಿಗ್ಗೆ ಎದ್ದು ಯೂನಿವರ್ಸಿಟಿ ರಸ್ತೆಯಲ್ಲಿ ನಡೆಯುತ್ತೀ, ಸ್ವಲ್ಪ ಓಡಲೂ ಶುರು ಮಾಡಿದ್ದೀ ಅಂತ ಕೇಳಿ ನಿಮ್ಮವ್ವಗೆ ಭಾಳ ಖುಷಿ ಆಗಿದೆ. ಅದಕ್ಕೇ ಹೇಳುತ್ತಿದ್ದೇನೆ, ಮೊದಲ ಜೋಡಿಯನ್ನು ಕಾಲಿಗೆ ಹಾಕಿ ನೋಡಿಯೇ ತಗೋ.

"ನಂದು ಐದನೇ ನಂಬರ್" ಅಂತೀಯಲ್ಲ, ಅದು ಚಪ್ಪಲಿ ಲೆಕ್ಕ. ಒಂದು ಕಂಪನಿಯ ಐದು ಇನ್ನೊಂದರಲ್ಲಿ ಐದೂವರೆ ಆಗಬಹುದು. ಅರ್ಧ ನಂಬರ್ ಅಂದರೆ ಸುಮಾರು 4 ಮಿಲಿಮೀಟರ್, ಉಗುರು ಕಪ್ಪಾಗಲು ಅಷ್ಟು ಸಾಕು. ಸಂಜೆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ, ಓಡುವಾಗಲೂ ಹಾಗೇ, ಹಾಗಾಗಿ ಅಳತೆ ಸಂಜೆಯೇ ತಗೋ. ಗೋಡೆಗೆ ಹಿಮ್ಮಡಿ ತಾಗಿಸಿ ಕಾಗದದ ಮೇಲೆ ನಿಲ್ಲು, ರೂಮಿನ ಹುಡುಗಿಗೆ ಹೇಳಿ ಉದ್ದ ಬೆರಳಿನ ತುದಿಗೆ ಗೆರೆ ಹಾಕಿಸು. ಕೂತು ಅಳೆದರೆ ಪಾದ ಪೂರ್ತಿ ಹರಡುವುದಿಲ್ಲ. ಎರಡೂ ಕಾಲು ಅಳೆ, ಯಾವುದು ದೊಡ್ಡದೋ ಅದರ ಲೆಕ್ಕ ಹಿಡಿ.

ನಿನ್ನ ಪಾದ ನಿನ್ನ ಅಜ್ಜಿಯದು, ಮುಂದೆ ಅಗಲ, ಹೆಬ್ಬೆರಳಿಗಿಂತ ಪಕ್ಕದ್ದು ಉದ್ದ. ಅಂಥ ಹುಡುಗಿ ಗಂಡನನ್ನು ಆಳುತ್ತಾಳೆ ಅಂತ ಅಜ್ಜಿ ನಗುತ್ತಿದ್ದಳು, ಅದು ಆಮೇಲಿನ ಮಾತು. ಈಗ ಆ ಉದ್ದ ಬೆರಳಿನ ಮುಂದೆ ಕೈಯ ಒಂದು ಹೆಬ್ಬೆರಳಗಲ ಜಾಗ ಉಳಿಯಬೇಕು, ಬೆರಳುಗಳು ಒಳಗೆ ಆರಾಮಾಗಿ ಆಡಬೇಕು. ಅಗಲ ಸಾಲದಿದ್ದರೆ ಒಂದು ನಂಬರ್ ದೊಡ್ಡದು ತಗೊಂಡರೆ ಹಿಮ್ಮಡಿ ಎದ್ದೆದ್ದು ಬರುತ್ತದೆ, ಅದು ಪರಿಹಾರ ಅಲ್ಲ. ಅಗಲದ ಮಾಡೆಲ್ ಕೇಳು, ಇಲ್ಲಾಂದ್ರೆ ಗಂಡಸರ ಕಡೆ ನೋಡು, ಅವು ಸಾಮಾನ್ಯವಾಗಿ ಅಗಲ ಇರುತ್ತವೆ. ನಾಚಿಕೆ ಯಾಕೆ?

ಅಂಗಡಿಯವನು "ಮೇಡಂ, ನಿಮ್ಮದು ಚಪ್ಪಟೆ ಪಾದ, ಈ ಸ್ಪೆಷಲ್ ಶೂನೇ ಬೇಕು" ಅಂತ ಹೆದರಿಸಬಹುದು. ಅಮೆರಿಕದ ಸೈನ್ಯದಲ್ಲಿ ಹೊಸದಾಗಿ ಸೇರಿದವರ ಪಾದದ ಕಮಾನು ನೋಡಿ ಅದಕ್ಕೆ ತಕ್ಕ ಶೂ ಕೊಟ್ಟು ಪರೀಕ್ಷೆ ಮಾಡಿದ್ದರು. ಕಮಾನು ನೋಡದೆ ಎಲ್ಲರಿಗೂ ಒಂದೇ ತರಹದ ಶೂ ಕೊಟ್ಟಾಗಿನದಕ್ಕಿಂತ ಪೆಟ್ಟು ಕಡಿಮೆಯೇನೂ ಆಗಲಿಲ್ಲ. ಹಾಕಿಕೊಂಡ ತಕ್ಷಣ ಹಿತ ಅನಿಸಬೇಕು, ಅಷ್ಟೇ. "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಅಂದರೆ ಅಲ್ಲಿಂದ ಎದ್ದು ಬಾ. ಆದರೆ ಕಾಲು ದಿನವೂ ನೋಯುತ್ತಿದ್ದರೆ ಅದು ಡಾಕ್ಟರ್ ನೋಡುವ ವಿಷಯ, ಶೂ ಅಂಗಡಿಯದಲ್ಲ.

ಬರೀ ನಡಿಗೆಗೆ ದುಬಾರಿ ದಪ್ಪ ಅಟ್ಟೆ ಬೇಡ. ಓಡುವಾಗ ಪ್ರತಿ ಹೆಜ್ಜೆಗೂ ಮೈಭಾರದ ಎರಡು ಮೂರು ಪಟ್ಟು ಬೀಳುತ್ತದೆ, ನಡೆಯುವಾಗ ಅಷ್ಟಿಲ್ಲ. ನೀನು ಎರಡೂ ಮಾಡುವುದರಿಂದ ಓಡುವ ಶೂನೇ ಇರಲಿ, ಅದರಲ್ಲಿ ನಡೆಯಲೂ ಬರುತ್ತದೆ. ಕೈಯಲ್ಲಿ ಹಿಡಿದು ಬಗ್ಗಿಸು: ಬೆರಳು ಮಡಚುವ ಜಾಗದಲ್ಲಿ ಬಗ್ಗಬೇಕು, ನಡುವೆ ಮಡಚಿಕೊಂಡರೆ ಬೇಡ. ಹಿಮ್ಮಡಿ ಜಾರಿದರೆ ಲೇಸನ್ನು ಮೇಲಿನ ಕೊನೆಯ ಹೆಚ್ಚುವರಿ ತೂತಿಗೆ ಅದೇ ಬದಿಯಿಂದ ಹಾಕಿ ಒಂದು ಕುಣಿಕೆ ಬಿಡು, ಎದುರು ಬದಿಯ ಲೇಸನ್ನು ಆ ಕುಣಿಕೆಯೊಳಗೆ ತೂರಿಸಿ ಬಿಗಿ. ಆ ತೂತು ಇರುವುದೇ ಇದಕ್ಕೆ, ಭಾಳ ಮಂದಿ ಸುಮ್ನೆ ಬಿಟ್ಟಿರುತ್ತಾರೆ.

ಮಳೆಗಾಲದಲ್ಲಿ ಕೆಲಗೇರಿ ಕೆರೆ ಕಡೆ ಹೋಗಿ ಶೂ ಒದ್ದೆಯಾದರೆ ಬಿಸಿಲಿಗೆ ಇಡಬೇಡ, ಗೋಂದು ಬಿಡುತ್ತದೆ. ಒಳಗೆ ಹಳೆ ಪೇಪರ್ ಉಂಡೆ ತುರುಕಿ ನೆರಳಲ್ಲಿಡು. ಒಂದು ಜೋಡಿ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಬರುತ್ತದೆ. ದಿನಾ 4 ಕಿಲೋಮೀಟರ್ ಅಂದರೆ ನಾಲ್ಕರಿಂದ ಆರೇಳು ತಿಂಗಳು. ಮೇಲೆ ಹೊಸದರಂತೆ ಕಂಡರೂ ಒಳಗಿನ ಸ್ಪಂಜು ಸತ್ತಿರುತ್ತದೆ.

ಧಾರವಾಡದಲ್ಲಿ ಸರಿಯಾದದ್ದು ಸಿಗದಿದ್ದರೆ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋಗು, ಕೊಪ್ಪಿಕರ್ ರಸ್ತೆ ಸುತ್ತಾಡು. ಓಡುವಾಗ ಹಾಕುವ ಸಾಕ್ಸ್ ಬ್ಯಾಗಲ್ಲಿರಲಿ. ಎರಡೂ ಶೂ ಹಾಕಿ ಅಂಗಡಿಯಲ್ಲೇ ನಾಲ್ಕು ಹೆಜ್ಜೆ ಓಡು, ನೋಡುವವರು ನೋಡಲಿ. ಬಿಲ್ ಇಟ್ಟುಕೋ, ಮೊದಲು ರೂಮಲ್ಲೇ ಹಾಕಿ ಓಡಾಡು, ಹೊರಗೆ ತುಳಿಯದಿದ್ದರೆ ಬದಲಾಯಿಸಿ ಕೊಡುತ್ತಾರಾ ಅಂತ ಮೊದಲೇ ಕೇಳು. ದುಡ್ಡು ಸಂಜೆ ಹಾಕುತ್ತೇನೆ.

ನಿನ್ನ ಅಪ್ಪ