ಸುಣ್ಣದ ನೀರಲ್ಲಿ ಬೆಂದ ಗೋವಿನಜೋಳ: ವಹಾಕಾದಿಂದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ಗೋವಿನಜೋಳಕ್ಕೆ 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ ಅಂತ ಇದ್ದರೂ ನಿನ್ನ ಕೈಗೆ ಅಷ್ಟು ಬರಲಿಲ್ಲ ಅಂತ ಬರೆದಿದ್ದೀಯ. ಕೊನೆಯಲ್ಲಿ ಒಂದು ಸಾಲು ಬೇರೆ: "ಕೋಳಿ ತಿನ್ನೋ ಕಾಳಿಗೆ ಯಾರು ಮರ್ಯಾದೆ ಕೊಡ್ತಾರೆ ಬಿಡು." ಅದನ್ನು ಓದಿದಾಗ ನಾನು ಮೆಕ್ಸಿಕೋದ ವಹಾಕಾ ಊರಲ್ಲಿದ್ದೆ. ಅದೇ ಕಾಳಿಗೆ ಮರ್ಯಾದೆ ಕೊಡುವವರ ಅಡುಗೆಮನೆಯಿಂದ ಆಗಷ್ಟೇ ರೂಮಿಗೆ ಬಂದಿದ್ದೆ. ಕೈಯಲ್ಲಿ ಇನ್ನೂ ಹಿಟ್ಟಿನ ವಾಸನೆ ಇತ್ತು. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮ ಹಾವೇರಿ, ದಾವಣಗೆರೆ ಕಡೆಯವರು ಇನ್ನೂ ನಾಲ್ಕು ಜನ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಬೇಜಾರಿಲ್ಲ ತಾನೆ?

ಇಲ್ಲಿ ಬೀದಿ ತಿಂಡಿ ಮಾಡೋದನ್ನು ಕಲಿಸುವ ಕ್ಲಾಸುಗಳಿವೆ. ಕೆಲವು ಕಡೆ ಅವರು ಮಾಡುತ್ತಾರೆ, ನಾವು ನೋಡಿ ತಿಂದು ಬರಬೇಕು. ನಾನು ಹುಡುಕಿದ್ದು ನಮ್ಮ ಕೈಯಲ್ಲೇ ಮಾಡಿಸುವ ಕ್ಲಾಸು. ಕಲಿಸಿದವರು ಇಲ್ಲಿನ ಮೂಲನಿವಾಸಿ ಝಪೊಟೆಕ್ ಜನಾಂಗದ ಒಬ್ಬ ಹೆಂಗಸು, ನಮ್ಮ ತಾಯಂದಿರ ವಯಸ್ಸು. ಎಷ್ಟೋ ವರ್ಷ ಬೀದಿ ಬದಿಯಲ್ಲಿ ಹಂಚು ಇಟ್ಟು ಮೆಮೆಲಾ ಅನ್ನುವ ದಪ್ಪ ರೊಟ್ಟಿ ಮಾಡಿ ಮಾರಿದವರು. ನಾವೆಲ್ಲ ಅವರನ್ನು ಸೆನ್ಯೋರಾ, ಅಂದರೆ ಅಮ್ಮಾವ್ರೇ, ಅಂತ ಕರೆದೆವು. ಅವರ ಮಗಳು ಜೊತೆಗಿದ್ದು ಸ್ಪ್ಯಾನಿಷನ್ನು ಇಂಗ್ಲಿಷಿಗೆ ಮಾಡಿ ಹೇಳುತ್ತಿದ್ದಳು. ಅಮ್ಮ ಮಗಳು ಇಬ್ಬರೇ ಮಾತಾಡುವಾಗ ಝಪೊಟೆಕ್.

ಬೆಳಿಗ್ಗೆ ಮೊದಲು ಮಾರ್ಕೆಟ್ಟಿಗೆ ಕರೆದುಕೊಂಡು ಹೋದರು. ಊರಿನ ನಡುವೆ ಬೆನಿತೊ ಹುವಾರೆಸ್ ಮಾರ್ಕೆಟ್ಟು ಇದೆ, ಅದರ ಪಕ್ಕದಲ್ಲೇ 20 ದೆ ನೊವಿಯೆಂಬ್ರೆ ಅನ್ನುವ ಇನ್ನೊಂದು. ಎರಡನೆಯದರಲ್ಲಿ ಒಂದು ಓಣಿ ಪೂರ್ತಿ ಕೆಂಡದ ಮೇಲೆ ಮಾಂಸ ಸುಡುವವರದ್ದು, ಹೊಗೆ ಕಣ್ಣಿಗೆ ಬರುತ್ತದೆ. ಬುಟ್ಟಿಗಟ್ಟಲೆ ಹುರಿದ ಮಿಡತೆ ಇಟ್ಟುಕೊಂಡು ಕೂತವರೂ ಇದ್ದಾರೆ. ಬೆಳ್ಳುಳ್ಳಿ, ನಿಂಬೆ, ಉಪ್ಪು ಹಾಕಿ ಹುರಿದದ್ದು. ನಾನು ನೋಡಿ ಮುಂದೆ ಹೋದೆ.

ನಿಂತದ್ದು ಮೆಣಸಿನಕಾಯಿ ಅಂಗಡಿ ಮುಂದೆ. ಒಣಮೆಣಸಿನಕಾಯಿಯಲ್ಲಿ ಎಷ್ಟು ಜಾತಿ ಮಾರಾಯಾ! ಗ್ವಾಹಿಯೊ ಅಂತ ಒಂದು, ಕಡುಕೆಂಪು, ನುಣುಪು, ಖಾರ ಕಡಿಮೆ, ಬಣ್ಣ ಜಾಸ್ತಿ. ಆಂಚೊ ಅಂತ ಇನ್ನೊಂದು, ಅಗಲ, ಮುದುರಿದ್ದು, ಮೂಸಿದರೆ ಒಣದ್ರಾಕ್ಷಿ ವಾಸನೆ. ಹೊಗೆಯಲ್ಲಿ ಒಣಗಿಸಿದ ಪಸಿಯಾ ಬೇರೆ. ಬಣ್ಣಕ್ಕೊಂದು, ಖಾರಕ್ಕೊಂದು, ವಾಸನೆಗೊಂದು ಅಂತ ಆರಿಸುತ್ತಾರೆ. ಬ್ಯಾಡಗಿ ಸಂತೆಯಲ್ಲಿ ಬೆಳೆದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಮೆಣಸಿನಕಾಯಿ ಮೂಲತಃ ಈ ಕಡೆಯದೇ ಬೆಳೆ. 1500ರ ನಂತರ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂತು, ಅಲ್ಲಿಂದ ಒಳನಾಡಿಗೆ. ಟೊಮೆಟೊ, ಶೇಂಗಾ, ಪೇರಲ, ಚಿಕ್ಕು, ಎಲ್ಲ ಆ ಸಮುದ್ರದಾಚೆಯಿಂದ ಬಂದದ್ದೇ. ಗೋವಿನಜೋಳವೂ ಬಂತು. ಆದರೆ ಅದನ್ನು ಬೇಯಿಸುವ ವಿದ್ಯೆ ಮಾತ್ರ ಹಡಗು ಹತ್ತಲಿಲ್ಲ. ನಾನು ನಿನಗೆ ಹೇಳಬೇಕಾದ ಮುಖ್ಯ ಸಂಗತಿ ಇದು.

ಸೆನ್ಯೋರಾ ಮನೆಯ ಹಿತ್ತಿಲಲ್ಲಿ ಒಂದು ದೊಡ್ಡ ಪಾತ್ರೆ ಮುಚ್ಚಿಟ್ಟಿದ್ದರು. ಹಿಂದಿನ ಸಂಜೆಯೇ ಬೇಯಿಸಿ ಹಾಗೇ ಬಿಟ್ಟ ಬಿಳಿ ಗೋವಿನಜೋಳ. ಮುಚ್ಚಳ ತೆಗೆದರೆ ನೀರು ಹಳದಿಗೆ ತಿರುಗಿದೆ, ಮೇಲೆ ತೆಳ್ಳಗಿನ ಸಿಪ್ಪೆ ತೇಲುತ್ತಿದೆ. ನೀರಿಗೆ ಹಾಕಿದ್ದು ಸುಣ್ಣ. ಎಲೆ ಅಡಿಕೆಗೆ ಹಚ್ಚುತ್ತೇವಲ್ಲ, ಅದೇ ಸುಣ್ಣ. ನನ್ನ ಕೈ ಹಿಡಿದು ಪಾತ್ರೆಯೊಳಗೆ ಹಾಕಿಸಿದರು. ಕಾಳು ಜಾರುತ್ತದೆ, ನೀರು ಲೋಳೆ ಲೋಳೆ. ಎರಡು ಬೆರಳಲ್ಲಿ ಒಂದು ಕಾಳು ಹಿಡಿದು ಉಜ್ಜಿದರೆ ಸಿಪ್ಪೆ ಪೊರೆಯ ಹಾಗೆ ಕಳಚಿ ಬರುತ್ತದೆ. ಒಳಗಿನ ಕಾಳು ಮೆತ್ತಗೆ, ಆದರೆ ಕಚ್ಚಿದರೆ ನಡುವೆ ಇನ್ನೂ ಸ್ವಲ್ಪ ಗಟ್ಟಿ. ಹದ ಅಂದರೆ ಇದೇ ಅಂದರು. ಪೂರ್ತಿ ಬೆಂದರೆ ಹಿಟ್ಟು ಅಂಟಂಟಾಗುತ್ತದೆ. ಆಮೇಲೆ ಆ ನೀರು ಚೆಲ್ಲಿ, ಕಾಳನ್ನು ಒಳ್ಳೆ ನೀರಲ್ಲಿ ತಿಕ್ಕಿ ತಿಕ್ಕಿ ತೊಳೆದೆವು. ಹೀಗೆ ಸಿದ್ಧವಾದ ಕಾಳಿಗೆ ನಿಶ್ತಮಾಲ್ ಅನ್ನುತ್ತಾರೆ.

ಸುಣ್ಣ ಏನು ಮಾಡುತ್ತದೆ ಗೊತ್ತಾ? ಮೊದಲನೆಯದು, ಸಿಪ್ಪೆಯನ್ನು ಸಡಿಲ ಮಾಡುತ್ತದೆ. ಎರಡನೆಯದು, ಹಿಟ್ಟಿಗೆ ಜಿಗಿ ಕೊಡುತ್ತದೆ. ನೀನು ಒಮ್ಮೆ ಗೋವಿನಜೋಳದ ಒಣಹಿಟ್ಟಿನ ರೊಟ್ಟಿ ಮಾಡಿಸಿ, ಬರೀ ಬಿರುಕು ಬಿಡುತ್ತೆ ಅಂತ ಬೈದಿದ್ದೆ, ನೆನಪಿದೆಯಾ? ನಿಶ್ತಮಾಲಿನ ಹಿಟ್ಟು ಹಾಗೆ ಒಡೆಯುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಗೋವಿನಜೋಳದಲ್ಲಿ ನಯಾಸಿನ್ ಅನ್ನುವ ವಿಟಮಿನ್ ಇದೆ, ಆದರೆ ನಮ್ಮ ದೇಹಕ್ಕೆ ದಕ್ಕದ ಹಾಗೆ ಕಟ್ಟಿಹಾಕಿಕೊಂಡಿರುತ್ತದೆ. ಸುಣ್ಣದ ನೀರಲ್ಲಿ ಬೆಂದಾಗ ಅದು ಬಿಡುಗಡೆ ಆಗುತ್ತದೆ. ಜೊತೆಗೆ ಕ್ಯಾಲ್ಸಿಯಂ ಬೇರೆ ಸೇರುತ್ತದೆ.

ಈ ವಿದ್ಯೆ ಇಲ್ಲದೆ ಬರೀ ಕಾಳು ಮಾತ್ರ ತೆಗೆದುಕೊಂಡು ಹೋದವರು ಬಹಳ ಅನುಭವಿಸಿದರು. ಸ್ಪೇನಿನಲ್ಲಿ, ಉತ್ತರ ಇಟಲಿಯಲ್ಲಿ ಬಡವರು ದಿನವೂ ಅದನ್ನೇ ತಿಂದು ಪೆಲಾಗ್ರಾ ರೋಗಕ್ಕೆ ಬಿದ್ದರು. ಬಿಸಿಲು ಬಿದ್ದ ಕಡೆ ಚರ್ಮ ಸುಲಿಯುವುದು, ಭೇದಿ, ಬುದ್ಧಿಭ್ರಮೆ, ಕಡೆಗೆ ಸಾವು. 1735ರಲ್ಲೇ ಗಾಸ್ಪರ್ ಕಸಾಲ್ ಅನ್ನುವ ಸ್ಪೇನಿನ ವೈದ್ಯ ಈ ರೋಗವನ್ನು ಗುರುತಿಸಿದ್ದ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ 20ನೇ ಶತಮಾನದ ಶುರುವಿನಲ್ಲೂ ಸಾವಿರಾರು ಜನ ಸತ್ತರು. ಇದು ಅಂಟುರೋಗ ಅಲ್ಲ, ಊಟದ ಕೊರತೆ ಅಂತ ಜೋಸೆಫ್ ಗೋಲ್ಡ್‌ಬರ್ಗರ್ 1915ರ ಹೊತ್ತಿಗೆ ತೋರಿಸಿಕೊಟ್ಟರೂ ಒಪ್ಪದವರು ಬಹಳ ಜನ. ಅಷ್ಟೂ ಕಾಲ ಇಲ್ಲಿನ ಹಳ್ಳಿಯ ಹೆಂಗಸರು ತಮ್ಮ ಪಾಡಿಗೆ ಸುಣ್ಣ ಹಾಕಿ ಬೇಯಿಸುತ್ತಲೇ ಇದ್ದರು. ಅವರನ್ನು ಯಾರೂ ಕೇಳಲಿಲ್ಲ. ನನಗೆ ಇದನ್ನು ಯೋಚಿಸಿದರೆ ಈಗಲೂ ಸಂಕಟ ಆಗುತ್ತದೆ.

ತೊಳೆದ ಕಾಳನ್ನು ಬಕೆಟ್ಟಿಗೆ ತುಂಬಿ ಓಣಿಯ ಗಿರಣಿಗೆ ಹೊತ್ತುಕೊಂಡು ಹೋದೆವು. ಅಕ್ಕಪಕ್ಕದ ಮನೆಯವರೂ ಬಕೆಟ್ ಹಿಡಿದು ಸಾಲಲ್ಲಿ ನಿಂತಿದ್ದರು. ಹಸಿಕಾಳನ್ನೇ ಅರೆದು ಕೊಡುವ ಗಿರಣಿ. ಹಿಟ್ಟು ಬೆಚ್ಚಗೆ, ಮುದ್ದೆಯಾಗಿ ಹೊರಗೆ ಬರುತ್ತದೆ. ಇದೇ ಮಾಸಾ. ಅಂಗಡಿಯಲ್ಲಿ ಪ್ಯಾಕೆಟ್ಟಿನ ಒಣ ಮಾಸಾ ಹಿಟ್ಟೂ ಸಿಗುತ್ತದೆ, ಊರಲ್ಲಿ ಅದನ್ನು ಬಳಸುವವರೇ ಎಷ್ಟೋ ಜನ. ಸೆನ್ಯೋರಾ ಅದನ್ನು ಮುಟ್ಟುವುದಿಲ್ಲ. ಎರಡನ್ನೂ ತಿಂದು ನೋಡಿದೆ, ಅವರ ಕಡೆಗೇ ನಾನು.

ಇನ್ನು ಮೆಮೆಲಾ. ವಹಾಕಾದ ಬೀದಿಗಳಲ್ಲಿ ಬೆಳಗಿನ ತಿಂಡಿ ಅಂದರೆ ಇದೇ. ನಿಂಬೆಹಣ್ಣಿಗಿಂತ ತುಸು ದೊಡ್ಡ ಉಂಡೆ ತೆಗೆದುಕೊಂಡು ಎರಡು ಅಂಗೈ ನಡುವೆ ಬಡಿದು ಉದ್ದುದ್ದಕ್ಕೆ, ಸ್ವಲ್ಪ ದಪ್ಪಗೆ ಮಾಡಬೇಕು. ನಿಮ್ಮವ್ವ ಜೋಳದ ರೊಟ್ಟಿ ಬಡಿಯುವಾಗ ಅಂಗೈ ತಿರುಗುತ್ತಲ್ಲ, ಅದೇ ತಾಳ. ಮಣ್ಣಿನ ಹಂಚು, ಕೆಳಗೆ ಸೌದೆ ಉರಿ. ಹಂಚಿಗೆ ಎಣ್ಣೆ ಹಚ್ಚಲ್ಲ, ಸುಣ್ಣದ ನೀರು ಸವರುತ್ತಾರೆ, ಹಿಟ್ಟು ಅಂಟಬಾರದು ಅಂತ. ಒಂದು ಬದಿ ಒಣಗಿದ ಮೇಲೆ ತಿರುವಿ, ಅರೆಬೆಂದಾಗ ಕೆಳಗಿಳಿಸಬೇಕು. ಆಗ ಬರುತ್ತದೆ ನೋಡು ಅಸಲಿ ಕೆಲಸ. ಸುಡುಸುಡು ಇರುವಾಗಲೇ ಅದರ ಅಂಚನ್ನು ಬೆರಳಲ್ಲಿ ಚಿವುಟಿ ಚಿವುಟಿ ಮೇಲೆತ್ತಿ ಕಟ್ಟೆ ಕಟ್ಟಬೇಕು, ನಡುವೆಯೂ ಅಲ್ಲಲ್ಲಿ ಚಿವುಟಬೇಕು. ಹಾಗೆ ಮಾಡಿದರೆ ಮೇಲೆ ಹಚ್ಚಿದ್ದು ಹೊರಗೆ ಹರಿಯದೆ ಒಳಗೆ ನಿಲ್ಲುತ್ತದೆ. ಸೆನ್ಯೋರಾ ಬೆರಳು ಕೆಂಡಕ್ಕೂ ಹೆದರದ ಬೆರಳು. ಮಾತಾಡುತ್ತಲೇ, ಹಂಚಿನ ಕಡೆ ನೋಡದೇನೇ, ಒಂದು ಸುತ್ತು ಮುಗಿಸಿಬಿಡುತ್ತಾರೆ. ನಾವು ಬಟ್ಟೆ ಹಿಡಿದು, ಊದಿ ಊದಿ ಚಿವುಟಿದೆವು. ಯಾರದ್ದನ್ನೂ ಅವರು ಬಿಸಾಡಲಿಲ್ಲ, ಎಲ್ಲವೂ ಹಂಚಿಗೆ ವಾಪಸ್.

ಮೇಲೆ ಹಚ್ಚೋದು ಕಪ್ಪು ಬೀನ್ಸಿನ ಪೇಸ್ಟ್. ಕಾಳು ಬೇಯಿಸಿ ಅರೆಯುವಾಗ ಅದರ ಜೊತೆ ಬೆಣ್ಣೆಹಣ್ಣಿನ ಗಿಡದ ಒಣಎಲೆಯನ್ನು ಹಂಚಿನ ಮೇಲೆ ಬಾಡಿಸಿ ಸೇರಿಸುತ್ತಾರೆ. ಸೋಂಪಿನ ಘಮ ಬರುತ್ತದೆ. ಅದರ ಮೇಲೆ ಪುಡಿ ಮಾಡಿದ ತಾಜಾ ಚೀಸು, ಆಮೇಲೆ ಚಟ್ನಿ. ಟೊಮೆಟೊ, ಬೆಳ್ಳುಳ್ಳಿ, ಮೆಣಸಿನಕಾಯಿಯನ್ನು ಹಂಚಿನ ಮೇಲೆ ಕರಿ ಕಲೆ ಬೀಳುವ ತನಕ ಸುಟ್ಟು, ಮೂರು ಕಾಲಿನ ಕಲ್ಲಿನ ಕುಟ್ಟಾಣಿಯಲ್ಲಿ ಅರೆದದ್ದು. ಮೊದಲು ಬೆಳ್ಳುಳ್ಳಿ ಉಪ್ಪು, ಕೊನೆಗೆ ಟೊಮೆಟೊ.

ಒಂದು ವಿಷಯ ಎಚ್ಚರ, ನಮ್ಮಂಥ ಸಸ್ಯಾಹಾರಿಗಳಿಗೆ. ಮೆಮೆಲಾಕ್ಕೆ ಮೊದಲು ಅಸಿಯೆಂತೊ ಅಂತ ಹಂದಿಕೊಬ್ಬಿನ ಗಸಿ ಸವರುವುದು ರೂಢಿ. ಕಾಳಿನ ಪೇಸ್ಟನ್ನೂ ಎಷ್ಟೋ ಕಡೆ ಹಂದಿಕೊಬ್ಬಿನಲ್ಲೇ ಹುರಿಯುತ್ತಾರೆ. "ಸಿನ್ ಮಾಂತೇಕಾ", ಅಂದರೆ ಹಂದಿಕೊಬ್ಬು ಇಲ್ಲದೆ, ಅಂತ ಮೊದಲೇ ಹೇಳಬೇಕು. ನಾನು ಹೇಳಿದಾಗ ಸೆನ್ಯೋರಾ ಮುಖ ಸಣ್ಣದು ಮಾಡಲಿಲ್ಲ. ನನಗೆ ಬೇರೆ ಪಾತ್ರೆ ತೆಗೆದಿಟ್ಟರು. ಹಂದಿ, ಹಸು ಎರಡೂ 1519ರಲ್ಲಿ ಸ್ಪೇನಿನವರು ಬಂದಿಳಿದ ಮೇಲೆ ಈ ನೆಲಕ್ಕೆ ಬಂದವು. ಅದಕ್ಕೂ ಮೊದಲು ಇಲ್ಲಿನ ಅಡುಗೆಯಲ್ಲಿ ಹಂದಿಕೊಬ್ಬೂ ಇರಲಿಲ್ಲ, ಚೀಸೂ ಇರಲಿಲ್ಲ. ಬರೀ ಗೋವಿನಜೋಳ, ಕಾಳು, ಮೆಣಸಿನಕಾಯಿ ಇರುವ ಊಟ ಇವರಿಗೆ ಹೊಸದೇನಲ್ಲ. ಎರಡನೇ ತಿಂಡಿ ತೆತೆಲಾ: ತ್ರಿಕೋನಕ್ಕೆ ಮಡಿಚಿ, ಒಳಗೆ ಅದೇ ಕಾಳು ತುಂಬಿ ಸುಟ್ಟದ್ದು. ಅದನ್ನು ನಾನು ಕೊಬ್ಬೂ ಚೀಸೂ ಇಲ್ಲದೆ ತಿಂದೆ, ರುಚಿಗೆ ಏನೂ ಕಡಿಮೆ ಅನ್ನಿಸಲಿಲ್ಲ.

ಊಟಕ್ಕೆ ಕೂತಾಗ ನಿನ್ನ ಹೊಲದ ವಿಷಯ ಹೇಳಿದೆ. ನಮ್ಮ ಕಡೆ ಎಕರೆಗಟ್ಟಲೆ ಬೆಳೆಯುತ್ತೇವೆ, ಬಹುಪಾಲು ಕೋಳಿ ಆಹಾರಕ್ಕೆ, ಪಿಷ್ಟದ ಫ್ಯಾಕ್ಟರಿಗೆ, ಈಗ ಎಥನಾಲಿಗೂ ಹೋಗುತ್ತದೆ ಅಂದೆ. ಸೆನ್ಯೋರಾ ಕೇಳಿದ್ದು ಒಂದೇ: "ಹಾಗಾದರೆ ಬೆಳೆದವನ ಮನೆಯವರು ಏನು ತಿನ್ನುತ್ತಾರೆ?" ಜೋಳ, ಅಕ್ಕಿ ಅಂತ ಹೇಳಿದೆ. ಅವರು ತಲೆಯಾಡಿಸಿದರು, ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಇಲ್ಲಿಯೂ ಎಲ್ಲ ಸರಿಯಿದೆ ಅಂತ ತಿಳಿಯಬೇಡ. ಮೆಕ್ಸಿಕೋ ಕೂಡ ದನ ಕೋಳಿಗಳಿಗೆ ಅಂತ ಅಮೆರಿಕದಿಂದ ಹಳದಿ ಗೋವಿನಜೋಳ ತರಿಸಿಕೊಳ್ಳುತ್ತದೆ. ಆದರೆ ಮನುಷ್ಯರು ತಿನ್ನುವ ಕಾಳಿನ ಬಗ್ಗೆ ಜನ ಜಗಳಕ್ಕೇ ನಿಲ್ಲುತ್ತಾರೆ. ದೇಶದಲ್ಲಿ ಸುಮಾರು 60 ನಾಟಿ ಬಗೆಗಳನ್ನು ಗುರುತಿಸಿದ್ದಾರೆ. ಬಿಳಿ, ಹಳದಿ, ಕೆಂಪು, ನೀಲಿ. ಅವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಈ ವಹಾಕಾ ರಾಜ್ಯದಲ್ಲೇ ಸಿಗುತ್ತವೆ. ಕುಲಾಂತರಿ ಗೋವಿನಜೋಳ ಬಿತ್ತಬಾರದು ಅಂತ 2025ರಲ್ಲಿ ಸಂವಿಧಾನವನ್ನೇ ತಿದ್ದಿದರು. ಊರಿನಿಂದ ಸ್ವಲ್ಪ ದೂರ ಮಿತ್ಲಾ ಹತ್ತಿರ ಗಿಲಾ ನಕಿತ್ಸ್ ಅನ್ನುವ ಗವಿ ಇದೆ. ಅಲ್ಲಿ ಸಿಕ್ಕ ಪುಟ್ಟ ತೆನೆಗಳಿಗೆ ಸುಮಾರು 6,250 ವರ್ಷ ವಯಸ್ಸು. ಹುಲ್ಲಿನಂಥ ತೆಯೊಸಿಂತೆ ಗಿಡದಿಂದ, ಕಾಳು ಆರಿಸಿ ಆರಿಸಿ, ರೈತರೇ ಈ ತೆನೆಯನ್ನು ಮಾಡಿಕೊಂಡದ್ದು. ನೀನು ಬಿತ್ತುವ ಹೈಬ್ರಿಡ್ ಬೀಜದ ಮೂಲವೂ ಅಲ್ಲಿಗೇ ಹೋಗುತ್ತದೆ ಕಣೋ. ಕೋಳಿ ತಿನ್ನೋ ಕಾಳು ಅಂತ ಇನ್ನೊಮ್ಮೆ ಅನ್ನಬೇಡ.

ಇದರಿಂದ ನಿನಗೆ ಕ್ವಿಂಟಾಲಿಗೆ ನೂರು ರೂಪಾಯಿ ಜಾಸ್ತಿ ಸಿಗುತ್ತದೆ ಅಂತ ಹೇಳುತ್ತಿಲ್ಲ. ಬೆಲೆಯ ಹೋರಾಟ ಬೇರೆ, ಅದನ್ನು ಬಿಡಬೇಡ. ನಿನ್ನ ಮನೆಯಲ್ಲಿ ಒಂದು ಸಲ ಇದನ್ನು ಮಾಡಿ ತಿನ್ನಬೇಕು, ಅಷ್ಟೇ ನನ್ನ ಆಸೆ. ಸೆನ್ಯೋರಾ ಹೇಳಿದ ಲೆಕ್ಕ ಬರೆಯುತ್ತೇನೆ.

1 ಕಿಲೋ ಒಣಕಾಳು, 3 ಲೀಟರ್ ನೀರು, 10 ಗ್ರಾಂ ತಿನ್ನುವ ಸುಣ್ಣ. ಗೋಡೆಗೆ ಬಳಿಯುವ ಸುಣ್ಣ ಖಂಡಿತಾ ಬೇಡ. ಬಿತ್ತನೆ ಬೀಜದ ಪ್ಯಾಕೆಟ್ಟಿನ ಕಾಳೂ ಬೇಡ, ಅದಕ್ಕೆ ಔಷಧಿ ಲೇಪಿಸಿರುತ್ತಾರೆ. ಹೊಲದಿಂದ ಬಂದು ಚೆನ್ನಾಗಿ ಒಣಗಿದ, ಹುಳ ಸಾಯಿಸುವ ಮಾತ್ರೆ ಹಾಕದ, ಬೂಸ್ಟು ಹಿಡಿಯದ ಕಾಳು ಇರಲಿ. ಅಲ್ಯೂಮಿನಿಯಂ ಪಾತ್ರೆ ಬಳಸಬೇಡ, ಸುಣ್ಣ ಅದನ್ನು ತಿನ್ನುತ್ತದೆ. ಸ್ಟೀಲಿನದು ಸಾಕು. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಯಿಸಿ, ಸಿಪ್ಪೆ ಬೆರಳಿಗೆ ಬಿಡುತ್ತಾ ನೋಡಿ, ಮುಚ್ಚಿ ರಾತ್ರಿಯಿಡೀ ಬಿಡು. ಬೆಳಿಗ್ಗೆ ನೀರು ಚೆಲ್ಲಿ, ತಿಕ್ಕಿ ತೊಳೆ. ನಮ್ಮ ಗಿರಣಿಯವರು ಹಸಿಕಾಳು ಹಾಕಿಸಿಕೊಳ್ಳಲ್ಲ, ಒರಳಲ್ಲೋ ಗ್ರೈಂಡರಿನಲ್ಲೋ ನೀರು ಚಿಮುಕಿಸಿಕೊಳ್ಳುತ್ತಾ ಗಟ್ಟಿಯಾಗಿ ಅರೆಯಿರಿ. ಸಿಪ್ಪೆ ಬಿಡದಿದ್ದರೆ ಸುಣ್ಣ ಹಳತಾಗಿ ಸಪ್ಪೆಯಾಗಿದೆ ಅಂತ ಲೆಕ್ಕ, ಹೊಸದು ತಂದು ಇನ್ನೊಮ್ಮೆ ಬೇಯಿಸು. ಬೆಣ್ಣೆಹಣ್ಣಿನ ಎಲೆಗೆ ಒದ್ದಾಡಬೇಡ, ಅಲಸಂದೆ ಕಾಳು ಬೇಯಿಸಿ ಅರೆದು ಹಚ್ಚಿದರೂ ನಡೆಯುತ್ತದೆ. ಅಂಚು ಚಿವುಟುವ ಕೆಲಸ ಮಾತ್ರ ನಿಮ್ಮವ್ವನಿಗೇ ಬಿಡು, ಮಾಡಿ ಹೇಗೆ ಬಂತು ಅಂತ ಬರಿ.

ನಿನ್ನ ಗೆಳೆಯ