ಲಂಗ ಬುಗುರಿಯಾಗಬೇಕಾದರೆ ಲೆಕ್ಕ ಬೇಕು

ಮಾನ್ಯ ಸಂಪಾದಕರೇ,

ಚಳಿ ಶುರುವಾಗುತ್ತಿದ್ದಂತೆ ಪುರವಣಿಗಳಲ್ಲಿ ಉಲ್ಲನ್ ಹೆಣಿಗೆಯ ವಿಧಾನಗಳು ಕಾಣಿಸಿಕೊಳ್ಳುತ್ತವೆ. ಸಂತೋಷದ ಸಂಗತಿ. ಆದರೆ ಪುಟ್ಟ ಹೆಣ್ಣುಮಕ್ಕಳ ಲಂಗದ ವಿಷಯಕ್ಕೆ ಬಂದರೆ ಅವುಗಳಲ್ಲಿ ಹೆಚ್ಚಿನವು ‘ಮೂರು ಉಂಡೆ ದಾರ, 8 ನಂಬರ್ ಕಡ್ಡಿ, ಬೇಕಾದಷ್ಟು ಉದ್ದ’ ಎಂಬಲ್ಲಿಗೆ ನಿಂತುಬಿಡುತ್ತವೆ. ಅದನ್ನು ನಂಬಿ ಹದಿನೈದು ದಿನ ಹೆಣೆದವರ ಕೈಗೆ ಸಿಗುವುದು ಸೊಂಟದಲ್ಲಿ ಗಂಟುಕಟ್ಟಿಕೊಂಡು, ಕೆಳಗೆ ನೆಟ್ಟಗೆ ಇಳಿಬಿದ್ದ ಒಂದು ಚೀಲ. ಮಗು ಎಷ್ಟು ಗಿರಗಿರ ತಿರುಗಿದರೂ ಅದು ಅರಳುವುದಿಲ್ಲ.

ತಪ್ಪು ಎಲ್ಲಿದೆ ಎಂದರೆ, ಹೊಲಿದ ಲಂಗದ ಲೆಕ್ಕವನ್ನೇ ಹೆಣೆದ ಲಂಗಕ್ಕೂ ಹಾಕುವುದರಲ್ಲಿ. ರೇಷ್ಮೆ ಲಂಗದ ಬಟ್ಟೆ ತೆಳು. ಮೂರು ಮೀಟರ್ ಅಗಲವನ್ನು ಸೊಂಟದಲ್ಲಿ ನೆರಿಗೆ ಹಿಡಿದರೂ ಒಂದು ಪಟ್ಟಿಯೊಳಗೆ ಕೂರುತ್ತದೆ. ಹೆಣೆದ ಬಟ್ಟೆ ದಪ್ಪ. ಅದಕ್ಕೆ ನೆರಿಗೆ ಹಿಡಿದರೆ ಸೊಂಟದ ಸುತ್ತ ಸಿಂಬಿ ಸುತ್ತಿದಂತಾಗುತ್ತದೆ. ಹೆಣಿಗೆಯಲ್ಲಿ ಅಗಲವನ್ನು ಮೇಲೆ ಮುದುಡಿಸಬಾರದು, ಕೆಳಗೆ ಹೋಗುತ್ತಾ ಹುಟ್ಟಿಸಬೇಕು. ಸೊಂಟದಿಂದ ಶುರು ಮಾಡಿ, ಗೊತ್ತಾದ ಸುತ್ತುಗಳಲ್ಲಿ ಗೊತ್ತಾದಷ್ಟೇ ಕುಣಿಕೆ (ಕಡ್ಡಿಯ ಮೇಲೆ ಕೂರುವ ದಾರದ ಒಂದೊಂದು ಕೊಂಡಿ) ಹೆಚ್ಚಿಸುತ್ತಾ ಇಳಿದರೆ ಲಂಗ ಛತ್ರಿಯಾಗುತ್ತದೆ.

ಮೊದಲು ಕಡ್ಡಿಯ ಗೊಂದಲ. ನಮ್ಮ ಮನೆಗಳ ಹಳೆಯ ಕಡ್ಡಿಗಳ ಮೇಲಿರುವುದು ಇಂಗ್ಲೆಂಡಿನ ನಂಬರು. ಅದರಲ್ಲಿ 8 ಎಂದರೆ 4 ಮಿ.ಮೀ., 10 ಎಂದರೆ 3.25 ಮಿ.ಮೀ.; ನಂಬರು ಏರಿದಂತೆ ಕಡ್ಡಿ ಸಣ್ಣದು. ಅಮೆರಿಕದ ನಂಬರಿನಲ್ಲಿ ಇದು ತಿರುಗುಮುರುಗು, ಅಲ್ಲಿ 8 ಎಂದರೆ 5 ಮಿ.ಮೀ. ಮೊಬೈಲಿನಲ್ಲಿ ನೋಡಿದ ಅಮೆರಿಕದ ವಿಧಾನವನ್ನು ಅಜ್ಜಿಯ 8 ನಂಬರ್ ಕಡ್ಡಿಯಲ್ಲಿ ಹೆಣೆದರೆ ಐದು ವರ್ಷದವಳ ಲಂಗ ಮೂರು ವರ್ಷದವಳಿಗೂ ಬಿಗಿಯಾಗುತ್ತದೆ. ಆದ್ದರಿಂದ ಮಿಲಿಮೀಟರ್ ಬರೆಯದ ವಿಧಾನ ಯಾವುದೇ ಇರಲಿ, ಅದು ಅರ್ಧ ವಿಧಾನ.

ಇನ್ನು ಮಾದರಿ ತುಂಡು. ಇದನ್ನು ಹೆಣೆಯದೆ ಮುಂದೆ ಹೋಗುವವರೇ ಹೆಚ್ಚು. ಮಧ್ಯಮ ದಪ್ಪದ ಡಿ.ಕೆ. (ಡಬಲ್ ನಿಟಿಂಗ್) ದಾರ, 4 ಮಿ.ಮೀ. ಕಡ್ಡಿ ಹಿಡಿದು 30 ಕುಣಿಕೆ ಹಾಕಿ, ಒಂದು ಸಾಲು ನಿಟ್ (ನೇರ ಹೆಣಿಗೆ), ಒಂದು ಸಾಲು ಪರ್ಲ್ (ಉಲ್ಟಾ ಹೆಣಿಗೆ) ಎಂದು 40 ಸಾಲು ಹೆಣೆಯಿರಿ. ಒಗೆದು, ಒಣಗಿಸಿ, ನಡುವಿನ 10 ಸೆಂ.ಮೀ. ಅಳೆಯಿರಿ, ಅಂಚು ಸುರುಳಿಯಾಗುವುದರಿಂದ ಅಲ್ಲಿ ಅಳತೆ ಸುಳ್ಳು ಹೇಳುತ್ತದೆ. ಅಡ್ಡಕ್ಕೆ 22 ಕುಣಿಕೆ, ಉದ್ದಕ್ಕೆ 30 ಸಾಲು ಬಂದರೆ ಕೆಳಗಿನ ಲೆಕ್ಕ ಹಾಗೇ ಹೊಂದುತ್ತದೆ. 24 ಬಂದರೆ ಕೈ ಬಿಗಿ, 4.5 ಮಿ.ಮೀ. ಕಡ್ಡಿ ಹಿಡಿಯಿರಿ. 20 ಬಂದರೆ ಸಡಿಲ, ಕಡ್ಡಿ ಸಣ್ಣದಾಗಲಿ. ಬರೀ ಎರಡು ಕುಣಿಕೆ ತಾನೇ ಎನ್ನಬೇಡಿ. 120 ಕುಣಿಕೆಯ ಸೊಂಟದಲ್ಲಿ ಆ ಎರಡು ಕುಣಿಕೆಯ ವ್ಯತ್ಯಾಸ ಸುಮಾರು ಐದು ಸೆಂ.ಮೀ. ಆಗಿ ನಿಲ್ಲುತ್ತದೆ.

ಸುಮಾರು 54 ಸೆಂ.ಮೀ. ಸೊಂಟದ, ಐದು ವರ್ಷದ ಹುಡುಗಿಗೆ ಮೊಣಕಾಲಿನವರೆಗೆ 28 ಸೆಂ.ಮೀ. ಉದ್ದದ ಲಂಗ ಎಂದುಕೊಳ್ಳೋಣ. ಸೊಂಟಪಟ್ಟಿಗೆ 3.25 ಮಿ.ಮೀ. ಕಡ್ಡಿ, ಆದರೆ ಮೊದಲ 120 ಕುಣಿಕೆ ಹಾಕಿಕೊಳ್ಳುವುದು 4 ಮಿ.ಮೀ. ಕಡ್ಡಿಯಲ್ಲಿ. ಆ ಅಂಚು ಬಿಗಿಯಾದರೆ ಲಂಗ ಸೊಂಟಕ್ಕೆ ಸರಿಯಿದ್ದರೂ ಪೃಷ್ಠ ದಾಟಿ ಮೇಲೇರುವುದಿಲ್ಲ. ಹಾಕಿದ ಕೂಡಲೇ ಸುತ್ತಿಗೆ ಸೇರಿಸಬೇಡಿ. ಮೊದಲ 8 ಸಾಲನ್ನು ಹಿಂದೆ ಮುಂದೆ ತಿರುಗಿಸುತ್ತಾ ಚಪ್ಪಟೆಯಾಗಿಯೇ ಹೆಣೆದು, ಆಮೇಲೆ ಎರಡು ತುದಿ ಸೇರಿಸಿ. ಇದರಿಂದ ಎರಡು ಲಾಭ. ಒಂದು, ಸೇರಿಸುವಾಗ ಪಟ್ಟಿ ತಿರುಚಿಕೊಂಡಿದೆಯೇ ಎಂಬುದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಬರೀ ಕುಣಿಕೆಗಳ ಸಾಲನ್ನು ಸೇರಿಸಿದರೆ ಕಡ್ಡಿಯ ಮೇಲೆ ಎಲ್ಲೋ ಒಂದು ಕಡೆ ಅದು ಸುತ್ತಿಕೊಂಡಿದ್ದರೂ ತಿಳಿಯುವುದಿಲ್ಲ, ಹತ್ತು ಸುತ್ತಿನ ಮೇಲೆ ತಿಳಿದರೆ ಬಿಚ್ಚುವುದೊಂದೇ ದಾರಿ. ಎರಡನೆಯದು ಇನ್ನೂ ದೊಡ್ಡ ಲಾಭ: ಆ 8 ಸಾಲಿನ ಪಕ್ಕದಲ್ಲಿ ಉಳಿಯುವ ಸೀಳು ಪಟ್ಟಿಯ ಒಳಮೈಗೆ ಹೋಗಿ, ಎಲಾಸ್ಟಿಕ್ ತೂರಿಸುವ ಬಾಗಿಲಾಗುತ್ತದೆ.

ಸೇರಿಸಿದ ಮೇಲೆ ಒಂದು ಸುತ್ತು ಪರ್ಲ್, ಅದೇ ಮಡಿಕೆಯ ಗೆರೆ. ಮತ್ತೆ 8 ಸುತ್ತು ನಿಟ್. ಈಗ ಪಟ್ಟಿಯನ್ನು ಒಳಕ್ಕೆ ಮಡಚಿ, ಕಡ್ಡಿಯ ಮೇಲಿನ ಒಂದೊಂದು ಕುಣಿಕೆಯ ಜೊತೆ ಮೊದಲಂಚಿನ ನೇರ ಎದುರಿನ ಒಂದೊಂದು ಕುಣಿಕೆ ಎತ್ತಿ ಎರಡನ್ನೂ ಕೂಡಿಸಿ ಹೆಣೆಯಿರಿ. ಒಂದು ಕುಣಿಕೆ ಪಕ್ಕಕ್ಕೆ ಸರಿದರೂ ಇಡೀ ಪಟ್ಟಿ ಹಗ್ಗದಂತೆ ಓರೆಯಾಗಿ ತಿರುಚುತ್ತದೆ. ಪ್ರತಿ 15 ಕುಣಿಕೆಗೊಂದು ಬೇರೆ ಬಣ್ಣದ ದಾರದ ಗುರುತು ಎರಡೂ ಕಡೆ ಹಾಕಿಕೊಂಡರೆ ತಪ್ಪುವುದಿಲ್ಲ. 2 ಸೆಂ.ಮೀ. ಅಗಲದ ಎಲಾಸ್ಟಿಕ್ ಸಾಕು. ಉದ್ದ ಸೊಂಟದ ಅಳತೆಗಿಂತ 4 ಸೆಂ.ಮೀ. ಕಡಿಮೆ, ತುದಿಗಳನ್ನು ಒಂದರ ಮೇಲೊಂದಿಟ್ಟು ಹೊಲಿಯಲು 2 ಸೆಂ.ಮೀ. ಹೆಚ್ಚು. ಲಾಡಿ ಬೇಡ.

ಇಲ್ಲಿಂದ 4 ಮಿ.ಮೀ. ಕಡ್ಡಿ. 120 ಕುಣಿಕೆಯನ್ನು 15ರ ಎಂಟು ಪಾಲು ಮಾಡಿ. ಪ್ರತಿ ನಾಲ್ಕನೇ ಸುತ್ತಿನಲ್ಲಿ ಪಾಲಿಗೊಂದರಂತೆ 8 ಕುಣಿಕೆ ಹೆಚ್ಚಿಸಿ. 28 ಸೆಂ.ಮೀ.ಗೆ 84 ಸುತ್ತು, ಅಂದರೆ 21 ಸಲ ಹೆಚ್ಚಳ. ಕೊನೆಗೆ 288 ಕುಣಿಕೆ, ಅಂಚಿನ ಸುತ್ತಳತೆ 131 ಸೆಂ.ಮೀ. ಇದು ಹೆಚ್ಚುಕಡಿಮೆ ಅರ್ಧ ವೃತ್ತದ ಲಂಗ, ಅಂದರೆ ಒಂದು ಕಡೆ ಬಿಡಿಸಿ ಹಾಸಿದರೆ ಅರ್ಧ ವೃತ್ತದ ಆಕಾರ ಬರುವಂಥದ್ದು. ಪೂರ್ತಿ ವೃತ್ತ ಬೇಕೆಂದರೆ ಉದ್ದ ಒಂದು ಸೆಂ.ಮೀ. ಇಳಿದಾಗಲೆಲ್ಲ ಸುತ್ತಳತೆ 6.28 ಸೆಂ.ಮೀ. ಏರಬೇಕು. ನಮ್ಮ ಅಳತೆಯಲ್ಲಿ ಒಂದು ಸೆಂ.ಮೀ.ಗೆ ಅಡ್ಡಕ್ಕೆ 2.2 ಕುಣಿಕೆ, ಉದ್ದಕ್ಕೆ ಮೂರು ಸುತ್ತು, ಹಾಗಾಗಿ ಸುತ್ತಿಗೆ ಸುಮಾರು ನಾಲ್ಕೂವರೆ ಕುಣಿಕೆ. ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ 8 ಹೆಚ್ಚಿಸಿದರೆ ಅದರ ಹತ್ತಿರಕ್ಕೆ ಬರುತ್ತದೆ; ಕೊನೆಗೆ 456 ಕುಣಿಕೆ, 207 ಸೆಂ.ಮೀ. ತಟ್ಟೆಯಂತೆ ಅರಳುತ್ತದೆ ನಿಜ. ಆದರೆ ಹೆಣಿಗೆ, ದಾರ, ತೂಕ ಮೂರೂ ಸುಮಾರು ಶೇ 40ರಷ್ಟು ಹೆಚ್ಚು. ಡಿ.ಕೆ. ದಾರಕ್ಕೆ ಅರ್ಧ ವೃತ್ತವೇ ಸರಿ, ಪೂರ್ತಿ ವೃತ್ತವನ್ನು ಇನ್ನೂ ತೆಳು ದಾರಕ್ಕೆ ಮೀಸಲಿಡಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ದಾರ ಅರ್ಧ ವೃತ್ತಕ್ಕೆ 150 ಗ್ರಾಂ, ಪೂರ್ತಿಗೆ 200 ಗ್ರಾಂ ಇಟ್ಟುಕೊಳ್ಳಿ.

ಎರಡು ವರ್ಷದವಳಿಗೆ 112 ಕುಣಿಕೆಯಿಂದ ಶುರುಮಾಡಿ 20 ಸೆಂ.ಮೀ., ಎಂಟು ವರ್ಷದವಳಿಗೆ 128ರಿಂದ ಶುರುಮಾಡಿ 35 ಸೆಂ.ಮೀ. ಹೆಚ್ಚಳದ ಕ್ರಮ ಅದೇ. ಅಕ್ಕ ತಂಗಿಯರಿಗೆ, ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳಿಗೆ ಒಟ್ಟಿಗೆ ಹೆಣೆಯುವವರಿಗೆ ಇಷ್ಟು ಸಾಕು.

ಕುಣಿಕೆ ಹೆಚ್ಚಿಸುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎರಡು ಕುಣಿಕೆಗಳ ನಡುವೆ ಏಣಿಯ ಮೆಟ್ಟಿಲಿನಂತೆ ಒಂದು ಅಡ್ಡ ಎಳೆ ಇರುತ್ತದೆ. ಅದನ್ನು ಎಡಗಡ್ಡಿಯಿಂದ ಮುಂದಿನಿಂದ ಹಿಂದಕ್ಕೆ ಎತ್ತಿಕೊಂಡು, ಅದರ ಹಿಂಬದಿಯ ಕಾಲಿಗೆ ಬಲಗಡ್ಡಿ ತೂರಿಸಿ ಹೆಣೆದರೆ ಎಳೆ ತಿರುಚಿಕೊಂಡು ತೂತು ಮುಚ್ಚುತ್ತದೆ. ಮುಂಬದಿಯ ಕಾಲಿಗೇ ಹೆಣೆದರೆ ಅಲ್ಲೊಂದು ಕಿಂಡಿ ಉಳಿಯುತ್ತದೆ, ಮಕ್ಕಳ ಬೆರಳು ಹುಡುಕಿಕೊಂಡು ಹೋಗುವುದೇ ಅಲ್ಲಿಗೆ. ಇನ್ನೊಂದು ಮಾತು: ಹೆಚ್ಚಳವನ್ನು ಪ್ರತಿ ಸಲ ಒಂದೇ ಗೆರೆಯ ಮೇಲೆ ಮಾಡಿದರೆ ಎಂಟು ಏಣುಗಳೆದ್ದು ಅಂಚು ಎಂಟು ಮೂಲೆಯದಾಗುತ್ತದೆ. ಒಮ್ಮೆ ಪಾಲಿನ ಶುರುವಿನಲ್ಲಿ, ಮತ್ತೊಮ್ಮೆ ನಡುವಿನಲ್ಲಿ ಮಾಡಿದರೆ ದುಂಡಾಗುತ್ತದೆ.

ಸುತ್ತಾಗಿ ಹೆಣೆಯಲು ಬಳಸುವ, ನಡುವೆ ಬಾಗುವ ತಂತಿಯಿರುವ ಸರ್ಕ್ಯುಲರ್ ಕಡ್ಡಿಯ ಉದ್ದ ಬಟ್ಟೆಯ ಸುತ್ತಳತೆಗಿಂತ ಕಡಿಮೆ ಇರಬೇಕು. 40 ಸೆಂ.ಮೀ.ಯಿಂದ ಶುರುಮಾಡಿ, 160 ಕುಣಿಕೆ ದಾಟಿದ ಮೇಲೆ 60, 200 ದಾಟಿದ ಮೇಲೆ 80 ಸೆಂ.ಮೀ.

ಈಗ ಬಣ್ಣ. ಮನೆಯಲ್ಲಿ ಉಳಿದ ಚೂರುಪಾರು ಉಂಡೆಗಳು ಬಳಕೆಯಾಗುವುದು ಈ ಲಂಗದಲ್ಲೇ. ಆದರೆ ಉಂಡೆ ಹಂಚುವಾಗ ಒಂದು ಲೆಕ್ಕ ನೆನಪಿರಲಿ: ಒಂದು ಸುತ್ತಿಗೆ ಬೇಕಾಗುವ ದಾರ ಆ ಸುತ್ತಳತೆಯ ಮೂರೂವರೆ ಪಟ್ಟು. ಸೊಂಟದ ಬಳಿ ಎರಡು ಮೀಟರಿಗೆ ಒಂದು ಸುತ್ತು ಮುಗಿದರೆ, ಅಂಚಿನಲ್ಲಿ ನಾಲ್ಕೂವರೆ ಮೀಟರ್ ಬೇಕು. ಒಟ್ಟು ದಾರದಲ್ಲಿ ಐದರಲ್ಲಿ ಎರಡು ಪಾಲನ್ನು ಕೊನೆಯ ಮೂರನೇ ಒಂದು ಭಾಗವೇ ತಿಂದುಹಾಕುತ್ತದೆ. ಸಣ್ಣ ಉಂಡೆಗಳು ಮೇಲಕ್ಕೆ, ದೊಡ್ಡವು ಕೆಳಕ್ಕೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಸಾಲಾಗಿ ಜೋಡಿಸಿಟ್ಟುಕೊಂಡೇ ಕೂರಿ. ಇಲ್ಲದಿದ್ದರೆ ಮಗು ತಾನೇ ಆರಿಸಿದ ಗುಲಾಬಿ ಬಣ್ಣ ಅಂಚಿನ ಪಟ್ಟೆಯ ಅರ್ಧದಲ್ಲಿ ಮುಗಿದುಹೋಗುತ್ತದೆ.

ಸುತ್ತಿನ ಹೆಣಿಗೆ ಸುರುಳಿಯಂತೆ ಏರುವುದರಿಂದ ಬಣ್ಣ ಬದಲಾದ ಕಡೆ ಪಟ್ಟೆಯ ತುದಿಗಳು ಮೆಟ್ಟಿಲಿನಂತೆ ಕಾಣುತ್ತವೆ. ಹೊಸ ಬಣ್ಣದ ಎರಡನೇ ಸುತ್ತಿನ ಮೊದಲ ಕುಣಿಕೆಯನ್ನು ಹೆಣೆಯದೆ ಹಾಗೇ ಬಲಗಡ್ಡಿಗೆ ಸರಿಸಿದರೆ ಮೆಟ್ಟಿಲು ಬಹುತೇಕ ಮಾಯವಾಗುತ್ತದೆ. ನಾಲ್ಕು ಸುತ್ತಿನೊಳಗೆ ಮತ್ತೆ ಬರುವ ಬಣ್ಣವಾದರೆ ಒಳಗಿನಿಂದಲೇ ಮೇಲಕ್ಕೆ ಒಯ್ಯಬಹುದು. ಅದಕ್ಕಿಂತ ಹೆಚ್ಚಾದರೆ ದಾರ ಕತ್ತರಿಸಿ, ಇಲ್ಲದಿದ್ದರೆ ಒಳಗಿನ ಆ ಎಳೆಗೆ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ. ತುದಿ 15 ಸೆಂ.ಮೀ. ಬಿಡಿ, ಓರೆಯಾಗಿ ತೂರಿಸಿ ಮತ್ತೆ ಹಿಂದಕ್ಕೆ ತನ್ನಿ. ಅಕ್ರಿಲಿಕ್ ನುಣುಪು, ನೆಟ್ಟಗೆ ತೂರಿಸಿದ ತುದಿ ಎರಡು ಒಗೆತಕ್ಕೆ ಹೊರಗೆ ಬರುತ್ತದೆ. ಕೆಂಪು, ಗಾಢ ನೀಲಿ ಹತ್ತಿ ದಾರವಾದರೆ ಮೊದಲೇ ಒದ್ದೆ ಮಾಡಿ ಬಿಳಿ ಬಟ್ಟೆಗೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಬಿಳಿ ಪಟ್ಟೆಯ ಪಕ್ಕಕ್ಕೆ ಅದನ್ನು ತರಬೇಡಿ.

ಅಂಚು ಸುರುಳಿಯಾಗುವುದು ಹೆಣೆದವರ ತಪ್ಪಲ್ಲ, ಹೊರಮೈ ಪೂರ್ತಿ ನಿಟ್ ಆಗಿದ್ದರೆ ಕೆಳಗಿನ ಅಂಚು ಮುಂದಕ್ಕೆ ಮಡಚಿಕೊಂಡೇ ತೀರುತ್ತದೆ. ಕೊನೆಯ 6 ಸುತ್ತನ್ನು ಒಂದು ಸುತ್ತು ನಿಟ್, ಒಂದು ಸುತ್ತು ಪರ್ಲ್ ಎಂದು ಹೆಣೆದರೆ ಅಂಚು ಚಪ್ಪಟೆಯಾಗಿ ನಿಲ್ಲುತ್ತದೆ. ಆ ಸ್ವಲ್ಪ ಭಾರ ತಿರುಗುವಾಗ ಲಂಗವನ್ನು ಹೊರಕ್ಕೆ ಎಳೆಯುವುದಕ್ಕೂ ಬೇಕು. ಇಸ್ತ್ರಿಯಿಂದ ಸರಿಪಡಿಸಲು ಹೋಗಬೇಡಿ. ಬಿಸಿ ಇಸ್ತ್ರಿ ತಾಗಿದ ಅಕ್ರಿಲಿಕ್ ಜೀವ ಕಳೆದುಕೊಂಡು ಜೋಲುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಕುಣಿಕೆ ಮುಚ್ಚುವುದು 5 ಮಿ.ಮೀ. ಕಡ್ಡಿಯಲ್ಲಿ, ಸಡಿಲವಾಗಿ. ಎಷ್ಟೋ ಲಂಗಗಳು ಕೆಟ್ಟಿರುವುದು ಈ ಕೊನೆಯ ಸುತ್ತಿನಲ್ಲಿ. 288 ಕುಣಿಕೆಯನ್ನು ಬಿಗಿಯಾಗಿ ಮುಚ್ಚಿದರೆ ಅಂಚಿಗೆ ದಾರ ಪೋಣಿಸಿ ಜಗ್ಗಿದಂತಾಗಿ, ಲೆಕ್ಕವೆಲ್ಲ ಸರಿಯಿದ್ದರೂ ಲಂಗ ಅರಳದು.

ಯಾವ ದಾರ ಎಂದು ಚಿಕ್ಕಪೇಟೆಯಲ್ಲೋ ಕಮರ್ಷಿಯಲ್ ಸ್ಟ್ರೀಟಿನಲ್ಲೋ ನಿಂತು ಯೋಚಿಸುವವರಿಗೆ: ಅಕ್ರಿಲಿಕ್‌ನ ಸಾಂದ್ರತೆ ಘನ ಸೆಂ.ಮೀ.ಗೆ ಸುಮಾರು 1.17 ಗ್ರಾಂ, ಉಣ್ಣೆಯದು 1.31, ಹತ್ತಿಯದು 1.54. ಹತ್ತಿ ಲಂಗ ತನ್ನ ಭಾರಕ್ಕೇ ಉದ್ದಕ್ಕೆ ಜಗ್ಗುತ್ತದೆ. ಆದರೂ ಮಾರ್ಚ್, ಏಪ್ರಿಲ್ ಸೆಕೆಗೆ ಹತ್ತಿಯೇ ಬೇಕು; ಆಗ ಉದ್ದ 2 ಸೆಂ.ಮೀ. ಕಡಿಮೆ ಹೆಣೆಯಿರಿ. ಡಿಸೆಂಬರ್, ಜನವರಿಯ ಬೆಂಗಳೂರಿಗೆ ಅಕ್ರಿಲಿಕ್ ಇಲ್ಲವೇ ಉಣ್ಣೆ, ಒಳಗೆ ಲೆಗ್ಗಿಂಗ್ಸ್. ಯಾವ ದಾರವಾದರೂ ಒದ್ದೆ ಲಂಗವನ್ನು ಬಾಲ್ಕನಿಯ ತಂತಿಗೆ ನೇತುಹಾಕಬೇಡಿ. ಟವೆಲಿನಲ್ಲಿ ಸುತ್ತಿ ನೀರು ಹಿಂಡಿ, ಹಾಸಿ ಒಣಗಿಸಿ.

ಒಂದು ವಿಷಯವನ್ನು ಮಾತ್ರ ಯಾವ ವಿಧಾನವೂ ಬರೆಯದೆ ಬಿಡಬಾರದು. ತಿರುಗುವ ಲಂಗದ ಅಂಚು ಮಗುವಿನ ಮೈಯಿಂದ ಸಾಕಷ್ಟು ಆಚೆ ಹಾರುತ್ತದೆ, ಮತ್ತು ಅದು ಎಲ್ಲಿ ಹಾರುತ್ತಿದೆ ಎಂಬುದು ಮಗುವಿಗೆ ತಿಳಿಯುವುದಿಲ್ಲ. ದೀಪಾವಳಿ, ಕಾರ್ತಿಕ ಮಾಸದಲ್ಲಿ ಹಣತೆಗಳಿರುವುದು ನೆಲದ ಮೇಲೆ, ಅಂಗಳದಲ್ಲಿ, ಮೆಟ್ಟಿಲಿನಲ್ಲಿ. ಉಣ್ಣೆಗೆ ಬೆಂಕಿ ತಾಗಿದರೆ ಕರಕಲಾಗಿ ಸಾಮಾನ್ಯವಾಗಿ ತಾನೇ ಆರುತ್ತದೆ. ಅಕ್ರಿಲಿಕ್ ಉರಿಯುತ್ತಾ ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿಯೂ ಬೇಗ ಹೊತ್ತಿಕೊಳ್ಳುತ್ತದೆ. ದೀಪ ಹಚ್ಚುವ ಸಂಜೆಗಳಲ್ಲಿ ಈ ಲಂಗ ಬೀರುವಿನಲ್ಲಿರಲಿ. ಸ್ಕೂಟರಿನಲ್ಲಿ ಕೂರಿಸಿಕೊಳ್ಳುವಾಗ ಅಂಚನ್ನು ತೊಡೆಯ ಕೆಳಗೆ ಸೇರಿಸಿ. ಮೂರು ವರ್ಷದೊಳಗಿನವರ ಲಂಗಕ್ಕೆ ಮಣಿ, ಗುಂಡಿ, ಉಲ್ಲನ್ ಗೊಂಡೆ ಬೇಡವೇ ಬೇಡ.

ಸಂಪಾದಕರಲ್ಲಿ ನಮ್ಮ ವಿನಂತಿ ಇಷ್ಟು: ಹೆಣಿಗೆಯ ವಿಧಾನ ಅಚ್ಚು ಹಾಕುವಾಗ ಕಡ್ಡಿಯ ಮಿಲಿಮೀಟರ್, ದಾರದ ಗ್ರಾಂ, 10 ಸೆಂ.ಮೀ.ಗೆ ಎಷ್ಟು ಕುಣಿಕೆ ಎಷ್ಟು ಸಾಲು, ಮುಗಿದ ಉಡುಪಿನ ಅಳತೆ, ಈ ನಾಲ್ಕನ್ನು ಚಿತ್ರದ ಕೆಳಗೆ ಕಡ್ಡಾಯವಾಗಿ ಹಾಕಿ. ಎರಡು ಸಾಲಿನ ಜಾಗ ಸಾಕು.

ಹಾಗೆಯೇ, ಸೊಂಟದಿಂದ ಇಳಿಸಿ ಹೆಣೆದ ಲಂಗ ಮರುವರ್ಷಕ್ಕೂ ಬರುತ್ತದೆ ಎಂಬುದನ್ನೂ ಓದುಗರಿಗೆ ತಿಳಿಸಿ. ಮುಚ್ಚಿದ ತುದಿಯಿಂದ ಅಂಚಿನ 6 ಸುತ್ತು ಬಿಚ್ಚಿ, 3.25 ಮಿ.ಮೀ. ಕಡ್ಡಿಯಲ್ಲಿ ಕುಣಿಕೆಗಳನ್ನೆಲ್ಲ ಹಿಡಿದುಕೊಂಡು, 4 ಮಿ.ಮೀ. ಕಡ್ಡಿಯಲ್ಲಿ ಅದೇ ಕ್ರಮದ ಹೆಚ್ಚಳದೊಂದಿಗೆ ಹೊಸ ಬಣ್ಣದ 9 ಸುತ್ತು ಸೇರಿಸಿದರೆ 3 ಸೆಂ.ಮೀ. ಉದ್ದವಾಗುತ್ತದೆ. ಆಮೇಲೆ ಮತ್ತೆ ಅಂಚು. ಎಲಾಸ್ಟಿಕ್ ಬದಲಿಸಲು ಒಳಗಿನ ಸೀಳು ಇದ್ದೇ ಇದೆ.

ಇಂತಿ,
ಹೆಣಿಗೆ ಬಲ್ಲ ಕೆಲವು ಓದುಗರು
ಬಸವನಗುಡಿ, ಬೆಂಗಳೂರು